ಪೀಠದಿಂದ ಪಾಠಕ್ಕೆ: ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ

(ಕಾಸರಗೋಡಿನಲ್ಲಿ ಕಿರಿಯ ವಕೀಲರು ಹಾಗೂ ಕಾನೂನು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಒಂದು ಭಾಗವನ್ನೂ ಸೇರಿಸಿದ್ದೇನೆ.)

ಮಾನ್ಯರೇ,

ಕಾಸರಗೋಡಿನಲ್ಲಿ ಕೆ.ಎಸ್. ಹೆಗ್ಡೆ ಎಂದರೆ ಆಸ್ಪತ್ರೆ. ತಲಪಾಡಿ ದಾಟಿ, ತೊಕ್ಕೊಟ್ಟಿನಲ್ಲಿ ಬಲಕ್ಕೆ ತಿರುಗಿ ದೇರಳಕಟ್ಟೆಗೆ ಹೋದರೆ ಸಿಗುವ ಆಸ್ಪತ್ರೆ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಮನೆಗಳಲ್ಲಿ ಈ ಹೆಸರಿಗೆ ವಿವರಣೆ ಬೇಕಿಲ್ಲ. ಆದರೆ ಆ ಹೆಸರಿನ ಮನುಷ್ಯ ಯಾರು ಎಂದು ಕೇಳಿದರೆ ಉತ್ತರಗಳು ಚೆದುರುತ್ತವೆ. ದೊಡ್ಡ ಡಾಕ್ಟರ್ ಇದ್ದಿರಬೇಕು ಎನ್ನುವವರಿದ್ದಾರೆ. ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರ ತಂದೆ ಎಂದು ಸರಿಯಾಗಿ ಹೇಳುವವರೂ ಇದ್ದಾರೆ. ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟವರು ಎಂಬಲ್ಲಿಗೆ ಬರುವವರು ಕಡಿಮೆ. ಆ ರಾಜೀನಾಮೆಯ ಹಿಂದಿದ್ದ ಮೊಕದ್ದಮೆ ಇಲ್ಲೇ ಪಕ್ಕದ ಎಡನೀರು ಮಠದಿಂದ ಹೊರಟದ್ದು ಎಂಬುದನ್ನು ಸೇರಿಸಿ ಹೇಳುವವರು ಇನ್ನೂ ಕಡಿಮೆ.

ಸಂಘಟಕರು ನನಗೆ ಕೊಟ್ಟ ವಿಷಯ, ನ್ಯಾಯಾಧೀಶರಾಗಿದ್ದು ಕಾನೂನಿನ ಶಿಕ್ಷಕರಾದವರು. ಈ ಊರಿನಲ್ಲಿ ಅದಕ್ಕೆ ಮೊದಲು ನೆನಪಾಗಬೇಕಾದವರು ಯು.ಎಲ್. ಭಟ್. ಇದೇ ಕಾಸರಗೋಡಿನಲ್ಲಿ ವಕೀಲಿ ನಡೆಸಿದವರು, ಕೇರಳ ಹೈಕೋರ್ಟಿನ ನ್ಯಾಯಮೂರ್ತಿಯಾಗಿ, ಮುಂದೆ ಗುವಾಹಟಿ ಹಾಗೂ ಮಧ್ಯಪ್ರದೇಶ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾದವರು. 2024ರವರೆಗೆ ಜಾರಿಯಲ್ಲಿದ್ದ ಸಾಕ್ಷ್ಯ ಕಾಯಿದೆಯ ಮೇಲೆ ಅವರ ಉಪನ್ಯಾಸಗಳ ಪುಸ್ತಕವಿದೆ. ವಿಚಾರಣಾ ನ್ಯಾಯಾಲಯದಲ್ಲಿ ಕೆಲಸ ಮಾಡಹೊರಟ ಯಾರಾದರೂ ಅದನ್ನು ಓದದೆ ಕೋಟು ತೊಡಬಾರದು. ಅವರ ಬಗ್ಗೆ ಮಾತನಾಡಲು ಅವರ ಜೊತೆಗೇ ಇದೇ ಕೋರ್ಟಿನ ವರಾಂಡದಲ್ಲಿ ಓಡಾಡಿದವರು ನನಗಿಂತ ಅರ್ಹರು. ನಾನು ಆರಿಸಿಕೊಂಡದ್ದು ಹೆಗ್ಡೆಯವರನ್ನು. ಕಾನೂನು ಕಾಲೇಜಿನ ಪ್ರಾಧ್ಯಾಪಕ ಎಂದು ಯಾರೂ ಅವರನ್ನು ನೆನೆಯುವುದಿಲ್ಲ, ನಿಜ. ಆದರೂ ಅವರನ್ನು ಶಿಕ್ಷಕ ಎಂದೇ ಕರೆಯಬೇಕು ಎಂಬುದು ನನ್ನ ವಾದ. ವಾದ ಮಂಡಿಸಲು ಇದಕ್ಕಿಂತ ಒಳ್ಳೆಯ ಸಭೆ ನನಗೆ ಸಿಕ್ಕುವುದಿಲ್ಲ, ಎದುರು ಕುಳಿತವರೆಲ್ಲ ತಕರಾರು ತೆಗೆಯುವುದನ್ನೇ ಕಸುಬಾಗಿ ಕಲಿಯುತ್ತಿರುವವರು.

ಕೌಡೂರು ಸದಾನಂದ ಹೆಗ್ಡೆ ಹುಟ್ಟಿದ್ದು 1909ರ ಜೂನ್ 11ರಂದು, ಕಾರ್ಕಳ ತಾಲೂಕಿನ ಕೌಡೂರಿನಲ್ಲಿ. ಕೌಡೂರು ಮತ್ತು ಕಾರ್ಕಳದ ಶಾಲೆಗಳು, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಆಮೇಲೆ ಅಲ್ಲಿಯದೇ ಲಾ ಕಾಲೇಜು. ಆಗ ಕಾರ್ಕಳದ ಹುಡುಗನಿಗೂ ಕಾಸರಗೋಡಿನ ಹುಡುಗನಿಗೂ ಕಾನೂನು ಓದಲು ಇದ್ದ ದಾರಿ ಒಂದೇ, ಮದರಾಸಿನ ರೈಲು. ಎರಡೂ ಊರುಗಳು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಎಂಬ ಒಂದೇ ಜಿಲ್ಲೆಯಲ್ಲಿದ್ದವು. ಉಡುಪಿಯಲ್ಲಿ ಕಾನೂನು ಕಾಲೇಜು ಬಂದದ್ದು 1957ರಲ್ಲಿ, ಮಂಗಳೂರಿನಲ್ಲಿ 1974ರಲ್ಲಿ. ಈಗಿನ ನಮ್ಮ ಮಕ್ಕಳು ಬೆಳಗಿನ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ಸಂಜೆ ಮನೆಗೆ ಬಂದು ಊಟ ಮಾಡುತ್ತಾರೆ. ಅಂದಿನವರು ಹೋದರೆ ವರ್ಷಕ್ಕೊಮ್ಮೆ ಬರುತ್ತಿದ್ದರು.

1947ರಿಂದ 1951ರವರೆಗೆ ಹೆಗ್ಡೆ ದಕ್ಷಿಣ ಕನ್ನಡದ ಸರ್ಕಾರಿ ವಕೀಲರೂ ಪಬ್ಲಿಕ್ ಪ್ರಾಸಿಕ್ಯೂಟರೂ ಆಗಿದ್ದರು. ಅಂದರೆ ಚಂದ್ರಗಿರಿ ಹೊಳೆಯ ಆಚೆಗಿನ ಹೊಸದುರ್ಗದವರೆಗೂ ವ್ಯಾಪಿಸಿದ್ದ ಜಿಲ್ಲೆ. ಆ ಕಾಲದ ದಕ್ಷಿಣ ಕನ್ನಡದ ವಕೀಲನ ಕಪಾಟಿನಲ್ಲಿ ಏನಿರುತ್ತಿತ್ತು ಎಂದು ಸ್ವಲ್ಪ ಊಹಿಸಿ. ವರ್ಗದಾರನಿಗೂ, ಅಂದರೆ ಜಮೀನಿನ ಒಡೆಯನಿಗೂ, ಒಕ್ಕಲಿಗೂ ಗೇಣಿ ತಕರಾರು. ಶಾಶ್ವತವಾದ ಮೂಲಗೇಣಿಯೋ, ಬಿಡಿಸಬಹುದಾದ ಚಾಲಗೇಣಿಯೋ ಎಂಬ ಜಗಳ. ಸಾಗುವಳಿ ಭೂಮಿಗೆ ತಾಗಿದ ಸರ್ಕಾರಿ ಕುಮ್ಕಿ ಜಾಗದಲ್ಲಿ ಸೊಪ್ಪು ಕಡಿದದ್ದಕ್ಕೆ ಕ್ರಿಮಿನಲ್ ದೂರು. ಹೆಣ್ಣಿನ ವಂಶದಲ್ಲಿ ಆಸ್ತಿ ಸಾಗುವ ಅಳಿಯಸಂತಾನದ ಕುಟುಂಬದಲ್ಲಿ ಪಾಲಿನ ದಾವೆ, ವಾದಿ ಪ್ರತಿವಾದಿಗಳೇ ಮೂವತ್ತು ನಲವತ್ತು ಮಂದಿ. ಇಲ್ಲಿ ಕುಳಿತಿರುವ ಹಿರಿಯ ವಕೀಲರ ಕಚೇರಿಗಳಲ್ಲಿ ಕನ್ನಡದಲ್ಲಿ ಬರೆದ ಆ ಹಳೆಯ ಗೇಣಿ ಚೀಟುಗಳು ಇನ್ನೂ ಇವೆ. ಮಲಯಾಳದಲ್ಲಷ್ಟೇ ಓದಿದ ಕಿರಿಯರು ಅವನ್ನು ತಿರುವಿ ಹಾಕಿ ಸುಮ್ಮನೆ ಬದಿಗಿಡುತ್ತಾರೆ. ಭೂಮಿಯ ಕಾನೂನನ್ನು ಹೆಗ್ಡೆ ಕಲಿತದ್ದು ಇಂಥ ಕಾಗದಗಳಿಂದ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದರು. 1956ರ ನವೆಂಬರ್ 1ರಂದು ಜಿಲ್ಲೆ ಒಡೆದು, ಕಾಸರಗೋಡು ಕೇರಳಕ್ಕೂ ಉಳಿದ ಭಾಗ ಮೈಸೂರು ರಾಜ್ಯಕ್ಕೂ ಸೇರಿದಾಗ ಅವರು ಸಂಸತ್ ಸದಸ್ಯರೇ. 1957ರಲ್ಲಿ ರಾಜ್ಯಸಭೆ ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. ಪಕ್ಷದ ಸದಸ್ಯರೊಬ್ಬರು ನೇರವಾಗಿ ಪೀಠಕ್ಕೆ! ಇಂದು ಹೀಗಾದರೆ ವಾಹಿನಿಗಳು ವಾರಗಟ್ಟಲೆ ಚರ್ಚಿಸುತ್ತವೆ. ಚರ್ಚಿಸಬೇಕಾದ ವಿಷಯವೇ. 1966ರಲ್ಲಿ ದೆಹಲಿ ಹೈಕೋರ್ಟು ಹುಟ್ಟಿದಾಗ ಅದರ ಮೊದಲ ಮುಖ್ಯ ನ್ಯಾಯಮೂರ್ತಿ, 1967ರ ಜುಲೈಯಲ್ಲಿ ಸುಪ್ರೀಂ ಕೋರ್ಟು. ಅದೇ ವರ್ಷ, ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಎಂಬ ಮಹಾಜನ್ ಆಯೋಗದ ವರದಿಯೂ ಬಂತು. ಆ ವರದಿಯ ಗತಿ ಏನಾಯಿತು ಎಂಬುದು ನಿಮಗೆ ಗೊತ್ತು, ಇವತ್ತು ಅದನ್ನು ತೆಗೆಯುವುದಿಲ್ಲ. ತೆಗೆದರೆ ಸಭೆ ರಾತ್ರಿಗೆ ಮುಗಿಯುತ್ತದೆ.

ಇಷ್ಟು ಬೇಗ ಇಷ್ಟು ದೂರ ಬಂದದ್ದು ಯಾಕೆಂದರೆ ಹುದ್ದೆಗಳ ಪಟ್ಟಿಯಿಂದ ಮನುಷ್ಯ ತಿಳಿಯುವುದಿಲ್ಲ. ತೀರ್ಪುಗಳಿಂದ ತಿಳಿಯುತ್ತದೆ. ಒಂದೇ ಒಂದನ್ನು ಎತ್ತಿಕೊಳ್ಳುತ್ತೇನೆ.

1969ರ ಏಪ್ರಿಲ್ 29. ಎ.ಕೆ. ಕ್ರೈಪಾಕ್ ಮೊಕದ್ದಮೆ. ಐವರು ನ್ಯಾಯಮೂರ್ತಿಗಳ ಪೀಠ, ಅಧ್ಯಕ್ಷತೆ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರದು, ತೀರ್ಪು ಬರೆದವರು ಹೆಗ್ಡೆ. ಸಂಗತಿ ಇಷ್ಟು. ಹೊಸದಾಗಿ ರೂಪಿಸಿದ ಭಾರತೀಯ ಅರಣ್ಯ ಸೇವೆಗೆ ಜಮ್ಮು ಕಾಶ್ಮೀರದ ಅಧಿಕಾರಿಗಳಿಂದ ಆಯ್ಕೆ ಆಗಬೇಕಿತ್ತು. ಆಯ್ಕೆ ಮಂಡಳಿಯಲ್ಲಿ, ನಿಯಮದ ಪ್ರಕಾರವೇ, ಆ ರಾಜ್ಯದ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಯೂ ಇರಬೇಕು. ಆ ಸ್ಥಾನದಲ್ಲಿ ಆಗ ಇದ್ದವರು ಹಂಗಾಮಿಯಾಗಿ ಬಂದವರು. ತಾವೂ ಒಬ್ಬ ಅಭ್ಯರ್ಥಿ. ಅಷ್ಟೇ ಅಲ್ಲ, ಅವರು ಹಿಂದಿಕ್ಕಿ ಬಂದಿದ್ದ ಹಿರಿಯ ಅಧಿಕಾರಿಯ ಮೇಲ್ಮನವಿ ಇನ್ನೂ ಇತ್ಯರ್ಥವಾಗಿರಲಿಲ್ಲ. ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಎದ್ದು ಹೊರಗೆ ಹೋದರು. ಸಭ್ಯತೆಯ ನಡೆ. ಆದರೆ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಒಳಗೇ ಕುಳಿತಿದ್ದರು. ಯಾರು ಮೊದಲು, ಯಾರು ಆಮೇಲೆ ಎಂಬ ಕ್ರಮಪಟ್ಟಿ ತಯಾರಾಗುವಾಗಲೂ ಇದ್ದರು. ಪಟ್ಟಿ ಹೊರಬಂದಾಗ ಅವರ ಹೆಸರು ಮೇಲ್ಗಡೆ ಇತ್ತು. ಮೇಲ್ಮನವಿ ಹಾಕಿದ್ದ ಹಿರಿಯರು ಆಯ್ಕೆಯಾಗದೆ ಉಳಿದುಹೋದರು.

ಸರ್ಕಾರದ ವಾದ ಅಂದಿನ ಕಾನೂನಿಗೆ ಸರಿಯಾಗಿಯೇ ಇತ್ತು. ಇದು ಆಡಳಿತಾತ್ಮಕ ಕೆಲಸ, ನ್ಯಾಯ ನಿರ್ಣಯವಲ್ಲ. ಆದ್ದರಿಂದ ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು ಎಂಬ ಸಹಜ ನ್ಯಾಯದ ನಿಯಮ ಇಲ್ಲಿಗೆ ಬರುವುದಿಲ್ಲ. ಸಾಲದ್ದಕ್ಕೆ, ಮಂಡಳಿಯ ಬೇರೆ ಸದಸ್ಯರು ತಮ್ಮ ಮೇಲೆ ಯಾರೂ ಪ್ರಭಾವ ಬೀರಲಿಲ್ಲ ಎನ್ನುತ್ತಿದ್ದಾರೆ. ಹೆಗ್ಡೆಯವರು ಎರಡನ್ನೂ ಕೈಗೆತ್ತಿಕೊಂಡರು. ಆಡಳಿತದ ಅಧಿಕಾರಕ್ಕೂ ನ್ಯಾಯಿಕ ಸ್ವರೂಪದ ಅಧಿಕಾರಕ್ಕೂ ನಡುವಿನ ಗೆರೆ ದಿನದಿಂದ ದಿನಕ್ಕೆ ಮಾಸುತ್ತಿದೆ ಎಂದರು. ಹಾಗಾಗಿ ಗೆರೆಯ ಯಾವ ಬದಿ ಎಂದು ತಡಕಾಡುವುದಕ್ಕಿಂತ, ನ್ಯಾಯವಾಗಿ ನಡೆದುಕೊಳ್ಳುವ ಹೊಣೆ ಎರಡೂ ಬದಿಗೆ ಉಂಟು ಎಂದರು. ಪ್ರಭಾವದ ಮಾತಿಗೆ ಅವರು ಕೊಟ್ಟ ಉತ್ತರ ನನಗೆ ಇನ್ನೂ ಇಷ್ಟ. ಒಬ್ಬನ ಮನಸ್ಸಿನಲ್ಲಿ ನಿಜಕ್ಕೂ ಪಕ್ಷಪಾತ ಇತ್ತೇ ಎಂದು ಬಗೆದು ನೋಡಲು ಯಾರಿಗೂ ಆಗದು. ಪಕ್ಷಪಾತಕ್ಕೆ ಆಸ್ಪದವಿತ್ತೇ ಎಂದು ಮಾತ್ರ ಕೇಳಬಹುದು. ಐದು ಜನ ಒಂದು ಕೋಣೆಯಲ್ಲಿ ಕುಳಿತು ಚರ್ಚಿಸಿದರೆ ಒಬ್ಬರ ಮಾತು ಇನ್ನೊಬ್ಬರ ತೀರ್ಮಾನಕ್ಕೆ ತಾಗದೆ ಇರುವುದಿಲ್ಲ. ಅದರಲ್ಲೂ ಅಭ್ಯರ್ಥಿಗಳ ಕೆಲಸವನ್ನು ಹತ್ತಿರದಿಂದ ಬಲ್ಲವರು ಆ ಕೋಣೆಯಲ್ಲಿ ಅವರೇ. ಅವರು ಬಾಯಿ ತೆರೆಯದಿದ್ದರೂ ಉಳಿದವರು ಅವರ ಮುಖ ನೋಡುತ್ತಾರೆ. ಈ ಕೊನೆಯ ವಾಕ್ಯ ನನ್ನದು, ತೀರ್ಪಿನದಲ್ಲ, ಪರೀಕ್ಷೆಯಲ್ಲಿ ಬರೆಯಬೇಡಿ. ಆಯ್ಕೆಯನ್ನು ಪೀಠ ರದ್ದು ಮಾಡಿತು.

ಆಡಳಿತ ಕಾನೂನನ್ನು ಕಲಿಸುವ ಯಾವ ಕಾಲೇಜಿನಲ್ಲೂ ಕ್ರೈಪಾಕ್ ಇಲ್ಲದ ಪಠ್ಯವಿಲ್ಲ. ಆದರೆ ನಮ್ಮ ತರಗತಿಗಳಲ್ಲಿ ಅದು ಎರಡು ಸಾಲಿನ ಸೂತ್ರವಾಗಿಬಿಟ್ಟಿದೆ. ವರ್ಷ, ಪೀಠ, ಗೆರೆ ಮಾಸಿತು, ಮುಗಿಯಿತು. ಅದನ್ನು ಕಾಸರಗೋಡಿಗೆ ತಂದು ನೋಡಿ. ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಶಿಕ್ಷಕರು ಬಂದರೆಂದು ಇಲ್ಲಿ ಎಷ್ಟು ಸಲ ಧರಣಿ ನಡೆದಿಲ್ಲ? ಹೆತ್ತವರು ಗೇಟಿನ ಮುಂದೆ ಕುಳಿತದ್ದು, ಮಕ್ಕಳು ತರಗತಿಯಿಂದ ಹೊರಗೆ ಬಂದದ್ದು ನಿಮಗೆ ಗೊತ್ತು. ಆಗ ನಾವು ಕೇಳುವುದು ಭಾವನೆಯ ಪ್ರಶ್ನೆ: ನಮ್ಮ ಭಾಷೆಗೆ ಅನ್ಯಾಯ. ಕ್ರೈಪಾಕ್ ಓದಿದವನು ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತಾನೆ. ಸಂದರ್ಶನ ಮಂಡಳಿಯಲ್ಲಿ ಯಾರಿದ್ದರು? ಅಭ್ಯರ್ಥಿಯ ಕನ್ನಡವನ್ನು ಅಳೆಯಬಲ್ಲವರು ಅವರಲ್ಲಿ ಯಾರು? ಅಳೆದದ್ದಕ್ಕೆ ದಾಖಲೆ ಏನು? ಆಯ್ಕೆಯ ಫಲದಲ್ಲಿ ಅವರಲ್ಲಿ ಯಾರಿಗಾದರೂ ಹಿತಾಸಕ್ತಿ ಇತ್ತೇ? ಕೋರ್ಟಿನಲ್ಲಿ ನಿಲ್ಲುವುದು ಈ ಪ್ರಶ್ನೆಗಳು. ಧರಣಿ ಬೇಡ ಎನ್ನುತ್ತಿಲ್ಲ. ಧರಣಿಯ ಜೊತೆಗೆ ಒಂದು ಅರ್ಜಿಯೂ ಇರಲಿ ಎನ್ನುತ್ತಿದ್ದೇನೆ.

ಈಗ ಎಡನೀರಿಗೆ ಬರೋಣ. ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ರಸ್ತೆಯಲ್ಲಿರುವ ಮಠ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ ಪೀಠವೇರಿದ ಕೇಶವಾನಂದ ಭಾರತೀ ಸ್ವಾಮೀಜಿ, ಯಕ್ಷಗಾನ ಮತ್ತು ಕರ್ನಾಟಕ ಸಂಗೀತ ಎರಡನ್ನೂ ಬಲ್ಲವರು, 1970ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಕೇರಳದ ಭೂಸುಧಾರಣಾ ಕಾಯಿದೆಯಿಂದ ಮಠದ ಭೂಮಿ ಹೋಗುತ್ತಿತ್ತು. ಅರ್ಜಿ ನಡೆಯುತ್ತಿರುವಾಗಲೇ ಸಂಸತ್ತಿನ ಕೈ ಬಲಪಡಿಸುವ ಸಂವಿಧಾನದ 24, 25 ಮತ್ತು 29ನೇ ತಿದ್ದುಪಡಿಗಳು ಬಂದವು. ಮಠದ ಗದ್ದೆಯ ಪ್ರಶ್ನೆ ಸಂಸತ್ತಿನ ಅಧಿಕಾರದ ಪ್ರಶ್ನೆಯಾಗಿ ಬೆಳೆಯಿತು. ಹದಿಮೂರು ನ್ಯಾಯಮೂರ್ತಿಗಳು, 1972ರ ಅಕ್ಟೋಬರ್ 31ರಿಂದ 1973ರ ಮಾರ್ಚ್ 23ರವರೆಗೆ 68 ದಿನಗಳ ವಾದ. ಸ್ವಾಮೀಜಿಯ ಪರ ನಾನಿ ಪಾಲ್ಖಿವಾಲಾ.

ಇಲ್ಲಿ ಒಂದು ಸಂಗತಿಯನ್ನು ನಿಮ್ಮ ಮುಂದಿಡಬೇಕು. ಸಂವಿಧಾನ ತಿದ್ದುವ ಅಧಿಕಾರಕ್ಕೆ ಒಳಗೇ ಅಡಗಿದ ಮಿತಿಗಳಿವೆ ಎಂಬ ವಿಚಾರ ಭಾರತಕ್ಕೆ ಬಂದದ್ದು ಒಂದು ಕಾನೂನು ತರಗತಿಯ ಮೂಲಕ. ಜರ್ಮನಿಯ ವಿದ್ವಾಂಸ ಡೀಟ್ರಿಶ್ ಕಾನ್ರಾಡ್ 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕಾನೂನು ವಿಭಾಗದಲ್ಲಿ ಮಾಡಿದ ಉಪನ್ಯಾಸ ಅದು. ಹಿಟ್ಲರನಿಗೆ ಎಲ್ಲ ಅಧಿಕಾರ ಒಪ್ಪಿಸಿ ಕುಳಿತ ವೈಮಾರ್ ಸಂವಿಧಾನದ ಗತಿ ಕಂಡ ದೇಶದವರು ಕೇಳಬಹುದಾದ ಪ್ರಶ್ನೆ. ಆ ವಿಚಾರವನ್ನು, ಮೂಲಭೂತ ಹಕ್ಕುಗಳನ್ನು ಸಂಸತ್ತು ತಿದ್ದಬಹುದೇ ಎಂಬ ಪ್ರಶ್ನೆಯ 1967ರ ಗೋಲಕನಾಥ್ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ ಮುಂದೆ ಇಟ್ಟವರು ಎಂ.ಕೆ. ನಂಬಿಯಾರ್, ಮಂಗಳೂರಿನಲ್ಲಿ ವಕೀಲಿ ನಡೆಸಿ ಮದರಾಸಿಗೆ ಹೋದವರು. ಅವರ ಮಗ, ಮುಂದೆ ದೇಶದ ಅಟಾರ್ನಿ ಜನರಲ್ ಆದ ಕೆ.ಕೆ. ವೇಣುಗೋಪಾಲ್, ಹುಟ್ಟಿದ್ದು ಇಲ್ಲೇ ಕಾಞಂಗಾಡಿನಲ್ಲಿ. ವಾದವನ್ನು ಮೊದಲು ಹೊತ್ತು ತಂದ ವಕೀಲ, ಅದಕ್ಕೆ ಹೆಸರು ಕೊಟ್ಟ ಅರ್ಜಿದಾರ, ಅದನ್ನು ಒಪ್ಪಿದ ಪೀಠದಲ್ಲಿ ಸೇವಾ ಹಿರಿತನದಲ್ಲಿ ಮೂರನೆಯವರಾಗಿ ಕುಳಿತ ನ್ಯಾಯಮೂರ್ತಿ, ಮೂವರಿಗೂ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ನಂಟು. ಇದರಲ್ಲಿ ವಿಧಿಯ ಕೈವಾಡ ಹುಡುಕಬೇಡಿ. ಭೂಮಿಯ ಜಗಳ ದಟ್ಟವಾಗಿದ್ದ, ಕಾನೂನು ಓದಿದವರು ಹೇರಳವಾಗಿದ್ದ ಜಿಲ್ಲೆ, ಅಷ್ಟೇ.

1973ರ ಏಪ್ರಿಲ್ 24ರಂದು ತೀರ್ಪು. ಏಳಕ್ಕೆ ಆರು. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡವುವಂತಿಲ್ಲ. ಹೆಗ್ಡೆಯವರು ನ್ಯಾಯಮೂರ್ತಿ ಮುಖರ್ಜಿಯವರ ಜೊತೆಗೂಡಿ ಒಂದೇ ಅಭಿಪ್ರಾಯ ಬರೆದರು. ಮೂಲ ರಚನೆಯಲ್ಲಿ ಏನೇನು ಸೇರುತ್ತದೆ ಎಂದು ಅವರಿಬ್ಬರು ಕೊಟ್ಟ ಪಟ್ಟಿ ಗಮನಿಸಿ: ದೇಶದ ಸಾರ್ವಭೌಮತೆ, ಪ್ರಜಾಪ್ರಭುತ್ವದ ಸ್ವರೂಪ, ಏಕತೆ, ವ್ಯಕ್ತಿ ಸ್ವಾತಂತ್ರ್ಯದ ತಿರುಳು, ಜೊತೆಗೆ ಕಲ್ಯಾಣ ರಾಜ್ಯ ಕಟ್ಟಬೇಕೆಂಬ ಆದೇಶ. ಈ ಕೊನೆಯದನ್ನು ಜನ ಮರೆಯುತ್ತಾರೆ. ಹೆಗ್ಡೆಯವರನ್ನು ಜಮೀನ್ದಾರರ ಪಕ್ಷಪಾತಿ ಎಂದು ಜರೆದವರಿದ್ದರು. ಬ್ಯಾಂಕ್ ರಾಷ್ಟ್ರೀಕರಣ, ಹಳೆಯ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ, ಎರಡೂ ಮೊಕದ್ದಮೆಗಳಲ್ಲಿ ಅವರು ಸರ್ಕಾರದ ವಿರುದ್ಧ ನಿಂತಿದ್ದರು, ನಿಜ. ಆದರೆ ಎಡನೀರಿನ ಮೊಕದ್ದಮೆಯಲ್ಲಿ ಭೂಸುಧಾರಣೆಯ ಕಾಯಿದೆಗಳನ್ನು ಸಂವಿಧಾನದ ಒಂಬತ್ತನೇ ಅನುಸೂಚಿಗೆ, ಅಂದರೆ ಕೋರ್ಟಿನ ಪ್ರಶ್ನೆಯಿಂದ ಕಾಯಿದೆಗಳಿಗೆ ರಕ್ಷಣೆ ಕೊಡುವ ಪಟ್ಟಿಗೆ, ಸೇರಿಸಿದ ತಿದ್ದುಪಡಿ ಉಳಿಯಿತು. ಮಠದ ಭೂಮಿ ಉಳಿಯಲಿಲ್ಲ. ಈ ಸಭೆಯಲ್ಲೇ ಎರಡು ಬಗೆಯ ಮನೆಗಳವರಿದ್ದೀರಿ. ಆ ಕಾಯಿದೆಯಿಂದ ಗದ್ದೆ ಕಳೆದುಕೊಂಡ ಮನೆಯವರು, ಅದೇ ಕಾಯಿದೆಯಿಂದ ಮೊದಲ ಬಾರಿಗೆ ತಮ್ಮ ಹೆಸರಿನ ಪಟ್ಟೆ, ಅಂದರೆ ಭೂಮಿಯ ಹಕ್ಕುಪತ್ರ, ಕಂಡ ಮನೆಯವರು. ಇಬ್ಬರ ಅಜ್ಜಂದಿರೂ ಒಂದೇ ಗದ್ದೆಯ ಕಟ್ಟಹುಣಿಯ ಮೇಲೆ ನಡೆದವರು. ಸಂವಿಧಾನದ ಪಾಠವನ್ನು ಈ ಜಿಲ್ಲೆಯಲ್ಲಿ ಗೇಣಿ ಚೀಟಿನಿಂದ ಶುರುಮಾಡಬೇಕು ಎಂದು ನಾನು ಹೇಳುವುದು ಅದಕ್ಕೇ.

ತೀರ್ಪಿನ ಮರುದಿನ ಮುಖ್ಯ ನ್ಯಾಯಮೂರ್ತಿ ಸಿಕ್ರಿ ನಿವೃತ್ತರಾದರು. ಅವರ ನಂತರದ ಹಿರಿತನ ಶೇಲತ್, ಹೆಗ್ಡೆ, ಗ್ರೋವರ್. ಸರ್ಕಾರ ಮೂವರನ್ನೂ ದಾಟಿ ಎ.ಎನ್. ರೇ ಅವರನ್ನು ಕೂರಿಸಿತು. ಬ್ಯಾಂಕ್ ಮೊಕದ್ದಮೆಯಲ್ಲಿ ಒಬ್ಬರೇ ಭಿನ್ನಮತ ಬರೆದಿದ್ದವರು ರೇ, ಕೇಶವಾನಂದ ಮೊಕದ್ದಮೆಯಲ್ಲೂ ಅಲ್ಪಮತದಲ್ಲಿದ್ದವರು. ಉಕ್ಕು ಖಾತೆಯ ಸಚಿವ ಮೋಹನ್ ಕುಮಾರಮಂಗಲಂ ಸಂಸತ್ತಿನಲ್ಲಿ ಇದನ್ನು ಮುಚ್ಚುಮರೆ ಇಲ್ಲದೆ ಸಮರ್ಥಿಸಿಕೊಂಡರು. ನ್ಯಾಯಾಧೀಶರ ಹಿರಿತನ ಮಾತ್ರ ನೋಡಿದರೆ ಸಾಲದು, ಅವರ ಚಿಂತನೆಯ ಧಾಟಿಯನ್ನೂ ನೋಡಬೇಕು ಎಂಬುದು ಅವರ ನಿಲುವು. ಅದು ಮೂರ್ಖರ ವಾದವಲ್ಲ, ಹಲವು ದೇಶಗಳಲ್ಲಿ ಹಾಗೆಯೇ ನೇಮಕ ನಡೆಯುತ್ತದೆ. ಆದರೆ ಮೊಕದ್ದಮೆಯಲ್ಲಿ ಸೋತ ಪಕ್ಷವೇ, ಸೋತ ಮರುದಿನವೇ, ಪೀಠಕ್ಕೆ ಮುಖ್ಯಸ್ಥರನ್ನು ಆರಿಸುವಾಗ ಕ್ರೈಪಾಕ್ ನೆನಪಾಗದೆ ಇರುವುದಿಲ್ಲ. ಪ್ರತಿಸ್ಪರ್ಧಿಯನ್ನು ಹಿಂದಿಕ್ಕಿದ ಅಧಿಕಾರಿಯ ಬಗ್ಗೆ ತೀರ್ಪು ಬರೆದವರನ್ನೇ ನಾಲ್ಕು ವರ್ಷಗಳ ಬಳಿಕ ಹಿಂದಿಕ್ಕಲಾಯಿತು. ಶೇಲತ್, ಹೆಗ್ಡೆ, ಗ್ರೋವರ್ ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರ ರಾಜೀನಾಮೆ ಏಪ್ರಿಲ್ 30ಕ್ಕೆ.

ತೀರ್ಪುಗಳು ಅವರ ಬೋಧನೆಯ ಮೊದಲ ಘಟ್ಟವಾದರೆ, ರಾಜೀನಾಮೆಯ ನಂತರದ್ದು ನನ್ನ ಮಟ್ಟಿಗೆ ಎರಡನೇ ಘಟ್ಟ. ನ್ಯಾಯಮೂರ್ತಿಗಳು ಸಾಮಾನ್ಯವಾಗಿ ಪೀಠ ಬಿಟ್ಟ ಮೇಲೆ ಮೌನವಾಗುತ್ತಾರೆ, ಇಲ್ಲವೇ ಆಯೋಗಗಳಿಗೆ ಹೋಗುತ್ತಾರೆ. ಹೆಗ್ಡೆ ಮಾತನಾಡಿದರು, ಬರೆದರು. ನ್ಯಾಯಾಂಗದಲ್ಲಿ ಏನಾಯಿತು, ಅದು ಯಾಕೆ ಸಾಮಾನ್ಯ ಜನರ ಚಿಂತೆಯಾಗಬೇಕು ಎಂದು ವಿವರಿಸಿದರು. 1972ರಲ್ಲಿ, ಇಂದಿರಾ ಗಾಂಧಿಯವರ ಆಯ್ಕೆಯ ವಿರುದ್ಧ ರಾಜ್ ನಾರಾಯಣ್ ಹೂಡಿದ್ದ ಚುನಾವಣಾ ತಕರಾರಿನ ಮಧ್ಯಂತರ ಪ್ರಶ್ನೆಯೊಂದು ತಮ್ಮ ಪೀಠದ ಮುಂದೆ ಬಂದದ್ದು, ಅದರ ತೀರ್ಪು ಪ್ರಧಾನಿಗೆ ಹಿತವಾಗದೆ ಹೋದದ್ದು, ಇಂಥವನ್ನೆಲ್ಲ ಸಾರ್ವಜನಿಕ ಚರ್ಚೆಗೆ ತಂದರು. ಸಂವಿಧಾನದ ಸೂಕ್ಷ್ಮಗಳನ್ನು ಕಪ್ಪು ಕೋಟಿನವರ ಆಚೆಗೆ ಕೊಂಡೊಯ್ಯುವುದು ಕಾನೂನು ಶಿಕ್ಷಣವಲ್ಲದೆ ಇನ್ನೇನು?

ಆದರೆ ಮೂರನೇ ಘಟ್ಟದ ಬಗ್ಗೆ ನನಗೆ ಸಮಾಧಾನವಿಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ. 1977ರಲ್ಲಿ ಅವರು ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ನಿಂತು ಗೆದ್ದರು. ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾದಾಗ ತೆರವಾದ ಸ್ಥಾನಕ್ಕೆ ಬಂದು ಲೋಕಸಭೆಯ ಸ್ಪೀಕರ್ ಆದರು. 1978ರ ಡಿಸೆಂಬರ್‌ನಲ್ಲಿ, ಚಿಕ್ಕಮಗಳೂರಿನಿಂದ ಗೆದ್ದು ಬಂದಿದ್ದ ಇಂದಿರಾ ಗಾಂಧಿಯವರನ್ನು ಲೋಕಸಭೆ ಹಕ್ಕುಚ್ಯುತಿಗಾಗಿ ಹೊರಹಾಕಿದಾಗ ಸ್ಪೀಕರ್ ಪೀಠ ಹೆಗ್ಡೆಯವರದು. ತೀರ್ಮಾನ ಸದನದ್ದು, ಸ್ಪೀಕರರದ್ದಲ್ಲ, ಸರಿ. ಆದರೂ ಅವರೇ ಬೋಧಿಸಿದ ಅಳತೆಗೋಲು ಹಿಡಿದರೆ? ಪಕ್ಷಪಾತ ಇತ್ತೇ ಎಂದಲ್ಲ, ಆಸ್ಪದವಿತ್ತೇ ಎಂದು ಕೇಳಿದರೆ ನಾನು ಇಲ್ಲ ಎನ್ನಲಾರೆ. ಮುಂದೆ 1980ರ ಬಳಿಕ ಭಾರತೀಯ ಜನತಾ ಪಕ್ಷದ ಉಪಾಧ್ಯಕ್ಷರೂ ಆದರು. ಅವರ ತೀರ್ಪುಗಳನ್ನು ಮೊದಲೇ ಅನುಮಾನಿಸುತ್ತಿದ್ದವರಿಗೆ ಇದರಿಂದ ಕೈಗೆ ದೊಣ್ಣೆ ಸಿಕ್ಕಿತು. ಪೀಠ ಬಿಟ್ಟವರು ಚುನಾವಣೆಗೆ ನಿಲ್ಲಬಾರದೆಂದು ಯಾವ ಕಾನೂನೂ ಇಲ್ಲ. ನಿಲ್ಲದಿದ್ದರೆ ಚೆನ್ನಾಗಿತ್ತು ಎನ್ನುವುದು ನನ್ನ ಅಭಿಪ್ರಾಯ.

ಸ್ಪೀಕರ್ ಆಗಿರುವಾಗಲೇ, 1979ರಲ್ಲಿ, ಅವರು ನಿಟ್ಟೆ ಎಜುಕೇಶನ್ ಟ್ರಸ್ಟ್ ಆರಂಭಿಸಿದರು. ಕಾರ್ಕಳದಿಂದ ಪಡುಬಿದ್ರಿಗೆ ಹೋಗುವ ದಾರಿಯಲ್ಲಿರುವ ನಿಟ್ಟೆ ಆಗ ಗದ್ದೆ, ಗುಡ್ಡ, ಗೇರು ಮರಗಳ ಹಳ್ಳಿ. ಮೊದಲು ಬಂದದ್ದು ಪ್ರೌಢಶಾಲೆ. ಎಂಜಿನಿಯರಿಂಗ್ ಕಾಲೇಜು 1986ರಲ್ಲಿ. ಅವರು ತೀರಿಕೊಂಡದ್ದು 1990ರ ಮೇ 24ರಂದು, ದೇರಳಕಟ್ಟೆಯ ವೈದ್ಯಕೀಯ ಕಾಲೇಜು 1999ರದು, ಅವರು ಕಂಡದ್ದಲ್ಲ. ಇಂದಿನ ಖಾಸಗಿ ಶಿಕ್ಷಣದ ಶುಲ್ಕದ ಬಗ್ಗೆ ನಿಮ್ಮಲ್ಲಿ ಪೋಷಕರಾದವರು ಬೇಕಾದಷ್ಟು ಹೇಳಬಲ್ಲಿರಿ, ನಾನು ಆ ಕಡೆ ಹೋಗುವುದಿಲ್ಲ. ನನ್ನ ಗಮನ ಆ ಮೊದಲ ಆಯ್ಕೆಯ ಕಡೆಗೆ. ದೇಶದ ಸರ್ವೋಚ್ಚ ನ್ಯಾಯಾಲಯದಲ್ಲಿ ಕುಳಿತವರು, ಸಂಸತ್ತಿನ ಸ್ಪೀಕರ್, ದೆಹಲಿಯಲ್ಲೋ ಬೆಂಗಳೂರಿನಲ್ಲೋ ಒಂದು ಸಂಶೋಧನಾ ಸಂಸ್ಥೆ ಕಟ್ಟಬಹುದಿತ್ತು. ಹಳ್ಳಿಯ ಪ್ರೌಢಶಾಲೆಯಿಂದ ಶುರುಮಾಡಿದರು. ಭೂಸುಧಾರಣೆಯಿಂದ ಹೊಸದಾಗಿ ಭೂಮಿ ಪಡೆದ ಒಕ್ಕಲು ಮನೆಗಳ ಮಕ್ಕಳೂ, ಭೂಮಿ ಕಳೆದುಕೊಂಡ ಗುತ್ತಿನ ಮನೆಗಳ ಮಕ್ಕಳೂ ಶಾಲೆಯ ಬಾಗಿಲಿಗೆ ಬಂದ ಕಾಲ ಅದು. ಕರ್ನಾಟಕದಲ್ಲಿ ಕಾಯಿದೆಯ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ರಂದು. ಇನ್ನು ಗೇಣಿ ಅಕ್ಕಿಯ ಮುಡಿ ಲೆಕ್ಕದ ಮೇಲೆ ಬದುಕಲು ಆಗದು ಎಂದು ಎರಡೂ ಕಡೆಯವರಿಗೆ ಗೊತ್ತಾಗಿತ್ತು. ಗೇಣಿ ತಕರಾರಿನಲ್ಲೇ ವಕೀಲಿ ಕಲಿತವರಿಗೆ ಅದು ಇನ್ನೂ ಚೆನ್ನಾಗಿ ಗೊತ್ತಿದ್ದಿರಬೇಕು.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: ಹೆಗ್ಡೆ ಮುಖ್ಯ ನ್ಯಾಯಮೂರ್ತಿಯಾಗಿದ್ದರೂ ಒಂದು ವರ್ಷ ಕೂಡ ಇರುತ್ತಿರಲಿಲ್ಲ, ಅದರಿಂದ ದೇಶಕ್ಕೆ ಏನು ವ್ಯತ್ಯಾಸ?

ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕೋಣ. ಶೇಲತ್ 1973ರ ಜುಲೈಯಲ್ಲಿ ನಿವೃತ್ತರಾಗುತ್ತಿದ್ದರು, ಹೆಗ್ಡೆ 1974ರ ಜೂನ್‌ನಲ್ಲಿ. ಅಲ್ಲಿಂದ ಮುಂದೆ ಗ್ರೋವರ್, 1977ರ ಫೆಬ್ರವರಿವರೆಗೆ. ರೇ ಅವರ ನಿವೃತ್ತಿ 1977ರ ಜನವರಿಯಲ್ಲಿ. ಅಂದರೆ ಹಿರಿತನ ಪಾಲಿಸಿದ್ದರೆ ರೇ ಮುಖ್ಯ ನ್ಯಾಯಮೂರ್ತಿ ಆಗುತ್ತಲೇ ಇರಲಿಲ್ಲ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ಪೀಠಗಳನ್ನು ರಚಿಸುವ ಕೈ ಗ್ರೋವರ್ ಅವರದಾಗಿರುತ್ತಿತ್ತು. 1975ರ ನವೆಂಬರ್‌ನಲ್ಲಿ ಕೇಶವಾನಂದ ತೀರ್ಪನ್ನೇ ಮರುಪರಿಶೀಲಿಸಲು ರೇ ಹದಿಮೂರು ಮಂದಿಯ ಪೀಠ ಕೂಡಿಸಿದರು, ಎರಡು ದಿನ ವಾದ ಕೇಳಿ ಅದನ್ನು ವಿಸರ್ಜಿಸಬೇಕಾಯಿತು. 1976ರ ಏಪ್ರಿಲ್‌ನಲ್ಲಿ ಜಬಲ್ಪುರ ಮೊಕದ್ದಮೆಯಲ್ಲಿ, ಬಂಧನದಲ್ಲಿರುವವನಿಗೆ ಹೇಬಿಯಸ್ ಕಾರ್ಪಸ್, ಅಂದರೆ ಬಂಧಿಯನ್ನು ಕೋರ್ಟಿನ ಮುಂದೆ ತನ್ನಿ ಎಂಬ ಆದೇಶ, ಕೇಳುವ ಹಕ್ಕೂ ಇಲ್ಲ ಎಂದು ನಾಲ್ವರು ಹೇಳಿದರು, ಖನ್ನಾ ಒಬ್ಬರೇ ಒಪ್ಪಲಿಲ್ಲ. ಗ್ರೋವರ್ ಇದ್ದಿದ್ದರೆ ತೀರ್ಪು ಬೇರೆಯಾಗುತ್ತಿತ್ತು ಎಂದು ಆಣೆ ಮಾಡಿ ಹೇಳಲಾಗದು. ಪೀಠ ಬೇರೆಯಾಗಿರಬಹುದಿತ್ತು ಎಂದು ಹೇಳಬಹುದು.

ಇನ್ನೊಬ್ಬರು, ಪ್ರಥಮ ವರ್ಷದ ವಿದ್ಯಾರ್ಥಿನಿ: ಸರ್, ಹೆಗ್ಡೆಯವರನ್ನು ಓದಲು ಎಲ್ಲಿಂದ ಶುರುಮಾಡಲಿ? ಕೇಶವಾನಂದ ತೀರ್ಪು ಏಳುನೂರು ಪುಟ ಇದೆಯಲ್ಲ?

ಕೇಶವಾನಂದ ಈಗ ಬೇಡಮ್ಮ. ಹನ್ನೊಂದು ಬೇರೆ ಬೇರೆ ಅಭಿಪ್ರಾಯಗಳಿವೆ ಅದರಲ್ಲಿ, ದಾರಿ ತಪ್ಪುತ್ತದೆ. 1973ರ ಜನವರಿಯ ವೆಜಿಟೇಬಲ್ ಪ್ರಾಡಕ್ಟ್ಸ್ ಎಂಬ ಆದಾಯ ತೆರಿಗೆ ತೀರ್ಪು ಓದಿ. ಕಾಯಿದೆಯ ಮಾತಿಗೆ ಎರಡು ಅರ್ಥ ಸಮನಾಗಿ ಹೊಂದಿದರೆ ತೆರಿಗೆ ಕಟ್ಟುವವನಿಗೆ ಅನುಕೂಲವಾದದ್ದನ್ನು ಹಿಡಿಯಬೇಕು ಎಂದು ಅವರು ಹೇಳಿದ್ದು ಅಲ್ಲೇ, ತೆರಿಗೆ ವಕೀಲರು ಇಂದಿಗೂ ಅದನ್ನು ಎತ್ತಿ ಹೇಳುತ್ತಾರೆ. ಆಮೇಲೆ ಕ್ರೈಪಾಕ್. ಓದುವಾಗ ತತ್ವದ ಪ್ಯಾರಾಗಳಿಗೆ ಹಾರಬೇಡಿ. ಆಯ್ಕೆ ಮಂಡಳಿಯಲ್ಲಿ ಯಾರು ಯಾವ ಹುದ್ದೆಯಿಂದ ಬಂದಿದ್ದರು, ಯಾರ ಹೆಸರು ಬಂದಾಗ ಯಾರು ಒಳಗಿದ್ದರು ಎಂದು ಅವರು ಬರೆದಿರುವ ಭಾಗವನ್ನು ಒಂದು ಹಾಳೆಯಲ್ಲಿ ನೀವೇ ಚಿತ್ರ ಮಾಡಿಕೊಳ್ಳಿ. ಅರ್ಧ ಗಂಟೆಯ ಕೆಲಸ. ಮುಂದಿನ ವಾರ ಮಂಗಳೂರಿಗೆ ಹೋಗುವ ಬಸ್ಸಿನಲ್ಲೇ ಆಗುತ್ತದೆ.